ಅವೆನ್ಯೂ ರಸ್ತೆಯಿಂದ ತಂದ ನಿಘಂಟು ಮತ್ತು ‘ಗ್ರಿಮೇಸ್’ ಎಂಬ ಪದ

ಹಾಸಿಗೆ ಹಿಡಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವವರಿಗಾಗಿ ಇರುವ ಇಂಗ್ಲಿಷ್ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದಾಗ, ಮಾತನಾಡಲಾರದ ರೋಗಿಗೆ ನೋವಿದೆಯೆಂದು ಗುರುತಿಸುವ ಲಕ್ಷಣಗಳಲ್ಲಿ ಮೊದಲಿಗೇ ‘ಗ್ರಿಮೇಸ್’ ಎಂಬ ಪದ ಎದುರಾಯಿತು. ನನ್ನಲ್ಲಿದ್ದ ಚಿಕ್ಕ ಇಂಗ್ಲಿಷ್–ಕನ್ನಡ ನಿಘಂಟು ‘ಸೊಟ್ಟಮೋರೆ, ಅಣಕ’ ಎಂದಷ್ಟೇ ಹೇಳಿ ಮುಗಿಸಿತ್ತು. ಅದನ್ನೇ ನಂಬಿ ‘ರೋಗಿಯು ಅಣಕಿಸಬಹುದು’ ಎಂದು ಬರೆದಿದ್ದರೆ, ನೋವು ತಿನ್ನುತ್ತಿರುವ ತಾಯಿಯನ್ನು ಮಗಳೇ ಗದರಿಸುವಂತಾದೀತೆಂದು ನನಗೆ ನಿಜಕ್ಕೂ ಭಯವಾಯಿತು. ಪದದ ಮೂಲವನ್ನೂ ತಿಳಿಸುವ ನಿಘಂಟು ಬೇಕೆಂದು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯೊಂದರಲ್ಲಿ ಹುಡುಕಿ, 450 ರೂಪಾಯಿ ಕೊಟ್ಟು ಈ ದಪ್ಪ ಇಂಗ್ಲಿಷ್ ನಿಘಂಟನ್ನು ತಂದೆ. ಆರು ತಿಂಗಳ ಬಳಕೆಯ ಮೇಲೆ ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಅರ್ಥವನ್ನು ಹೇಳಿ ಕೈಬಿಡದೆ, ಅದು ನಡೆದುಬಂದ ದಾರಿಯನ್ನೂ ತೋರಿಸುವುದು ಇದರ ದೊಡ್ಡ ಗುಣ. ‘ಗ್ರಿಮೇಸ್’ 17ನೆಯ ಶತಮಾನದಲ್ಲಿ ಫ್ರೆಂಚ್‌ನಿಂದ ಇಂಗ್ಲಿಷಿಗೆ ಬಂದ ಪದ. ಅದರ ಹಿಂದೆ, ಇಂಗ್ಲಿಷ್, ಜರ್ಮನ್ ಮೊದಲಾದ ಭಾಷೆಗಳು ಸೇರಿದ ಜರ್ಮಾನಿಕ್ ಕುಟುಂಬದ, ಮುಖವಾಡವೆಂಬ ಅರ್ಥದ ಪ್ರಾಚೀನ ಪದವಿದೆಯೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ಗ್ರೀಮಾ’ ಎಂದರೆ ಮುಖವಾಡ. ಭೂತವೆಂಬ ಅರ್ಥವೂ ಅದಕ್ಕಿತ್ತು. 1939ರಲ್ಲಿ ಇಂಗ್ಲೆಂಡಿನ ಸಟನ್ ಹೂ ಎಂಬಲ್ಲಿ ಅಗೆದಾಗ ಸಿಕ್ಕಿದ, ಲೋಹದ ಹುಬ್ಬು, ಮೂಗು, ಮೀಸೆಗಳುಳ್ಳ ಆ ಹಳೆಯ ಇಂಗ್ಲಿಷಿನ ಕಾಲದ ಶಿರಸ್ತ್ರಾಣದ ಚಿತ್ರವನ್ನು ನೋಡಿದವರಿಗೆ, ಮುಖವಾಡಕ್ಕೂ ಭೂತಕ್ಕೂ ಒಂದೇ ಹೆಸರು ಏಕೆ ಒದಗಿತೆಂದು ವಿವರಿಸಬೇಕಾಗಿಲ್ಲ.

ಇಂಗ್ಲಿಷಿಗೆ ಬಂದ ಹೊಸದರಲ್ಲಿ ಈ ಪದಕ್ಕೆ ಬೇಕೆಂದೇ ತಂದುಕೊಂಡ ಮುಖಭಾವ, ಸೋಗು ಎಂಬ ಅರ್ಥಗಳೂ ಇದ್ದವು. ನನ್ನ ಚಿಕ್ಕ ನಿಘಂಟಿನ ‘ಅಣಕ’ ಆ ಕಡೆಗೆ ವಾಲಿದ ಅರ್ಥ, ಸುಳ್ಳೇನಲ್ಲ. ಆದರೆ ಕೈಪಿಡಿಗೆ ಬೇಕಾದದ್ದು ನೋವಿನಿಂದ ತಾನಾಗಿಯೇ ಮುದುಡುವ ಮುಖ. ಹುಬ್ಬು ಕೆಳಗಿಳಿದು, ಕಣ್ಣು ಬಿಗಿದು, ಮೂಗು ಸುಕ್ಕುಗಟ್ಟಿ, ಮೇಲ್ದುಟಿ ಏರುವ ಆ ಮುಖವನ್ನು ಕಹಿ ಕಷಾಯ ಕುಡಿದ ಮಗುವಿನಲ್ಲೂ ಕಾಣುತ್ತೇವೆ, ಅದಕ್ಕೆ ‘ಮುಖ ಕಿವುಚುವುದು’ ಎನ್ನುತ್ತೇವೆ. ‘ಮುಖ ಸಿಂಡರಿಸುವುದು’ ಎಂದರೆ ಅಸಹನೆಯ ಛಾಯೆ ಬಂದುಬಿಡುತ್ತದೆ. ಹಾಗಾಗಿ ‘ಮುಖ ಕಿವುಚುವುದು’ ಎಂದೇ ಬರೆದೆ.

ಇಂಥ ಸುಖ ಬೇರೆ ಪುಟಗಳಲ್ಲೂ ಇದೆ. ದರ್ಪದ ನೋಟವನ್ನು ಸೂಚಿಸುವ ‘ಸೂಪರ್‌ಸಿಲಿಯಸ್’ ಪದ ಹುಬ್ಬು ಎಂಬ ಲ್ಯಾಟಿನ್ ಪದದಿಂದ ಹುಟ್ಟಿದ್ದು. ನಮ್ಮಲ್ಲಿ ಹುಬ್ಬೇರಿಸಿದರೆ ಅದು ಬಹುಮಟ್ಟಿಗೆ ಅಚ್ಚರಿ. ಇಂದು ಹಮ್ಮಿನ ನಗೆಯಾಗಿರುವ ‘ಸ್ಮರ್ಕ್’ ಹಿಂದೆ ಬರಿಯ ನಗೆಯಾಗಿತ್ತು.

ಕೊರತೆಗಳೂ ಇವೆ. ಅಕ್ಷರ ಬಹಳ ಸಣ್ಣದು, ರಾತ್ರಿ ಭೂತಗನ್ನಡಿಯಿಲ್ಲದೆ ಓದಲಾಗದು. ಬೆನ್ನುಪಟ್ಟಿ ಬಿಟ್ಟುಕೊಂಡಿದ್ದರಿಂದ ಮತ್ತೆ ಬೈಂಡ್ ಮಾಡಿಸಬೇಕಾಯಿತು. ಇವೆಲ್ಲಕ್ಕಿಂತ ಬೇಸರ ತಂದದ್ದು, ಪುಟಗಳೆಲ್ಲ ಸರಿಯಾಗಿವೆ ಎಂದು ಅಂಗಡಿಯವರು ಹೇಳಿದ್ದರೂ ‘ಪಿ’ ಅಕ್ಷರದಲ್ಲಿ ಹದಿನಾರು ಪುಟಗಳು ಇಲ್ಲದಿರುವುದು. ಮರಳಿ ಒಯ್ದಾಗ ಅವರು ಬದಲಿಸಿಕೊಡಲಿಲ್ಲ. ಅರ್ಥದೊಂದಿಗೆ ಪದಮೂಲವೂ ಇರುವ ನಿಘಂಟನ್ನು ಅನುವಾದ ಮಾಡುವವರೆಲ್ಲರೂ ಕೊಳ್ಳಲಿ, ಹಳೆಯ ಪ್ರತಿಯಾದರೆ ಹಣ ಕೊಡುವ ಮುನ್ನ ಅಂಗಡಿಯಲ್ಲೇ ನಿಂತು ಪುಟಸಂಖ್ಯೆಗಳನ್ನು ಎಣಿಸಿಕೊಳ್ಳಲಿ.