ಹಳೇ ಪದ್ಮಿನಿ ಕಾರು ಇಟ್ಟುಕೊಂಡಿರುವ ಪುಣೆಯವರೇ, ಬ್ರೇಕ್ ಕೆಲಸಕ್ಕೆ ಕೊಡುವ ಮುಂಚೆ ಇದನ್ನು ಓದಿ

ನಮ್ಮ 1978ರ ಪ್ರೀಮಿಯರ್ ಪದ್ಮಿನಿಗೆ ಪುಣೆಯ ಒಂದು ಗ್ಯಾರೇಜಿನಲ್ಲಿ ‘ಫುಲ್ ಬ್ರೇಕ್ ಕೆಲಸ’ ಮಾಡಿಸಿದೆವು. ಬಿಲ್ಲು ಹದಿನಾಲ್ಕು ಸಾವಿರ. ನಾಲ್ಕೂ ಚಕ್ರಕ್ಕೆ ಹೊಸ ಲೈನರ್, ವೀಲ್ ಸಿಲಿಂಡರಿನ ರಬ್ಬರ್ ಕಿಟ್, ಲೇತ್ ಮೇಲೆ ಡ್ರಮ್ ತಿರುಗಿಸಿ ಒಳಮೈ ನುಣುಪು ಮಾಡಿದ್ದು, ಹೊಸ ಬ್ರೇಕ್ ಆಯಿಲ್. ಇದಿಷ್ಟು ಬಿಲ್ಲಿನಲ್ಲಿ ಇದ್ದದ್ದು. ಚಕ್ರದೊಳಗೆ ಇದ್ದದ್ದೇ ಬೇರೆ. ಗ್ಯಾರೇಜಿನ ಹೆಸರು ಕೇಳಬೇಡಿ, ದೂರು ನಡೀತಾ ಇದೆ.

ಈ ಗಾಡಿ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೂ ಕಡೆ ಡ್ರಮ್ ಬ್ರೇಕು. ಅಂದರೆ ಪೆಡಲ್ ಒತ್ತಿದಾಗ ಆಯಿಲ್ ಒತ್ತಡಕ್ಕೆ ಚಕ್ರದೊಳಗಿನ ವೀಲ್ ಸಿಲಿಂಡರ್ ಎರಡು ‘ಶೂ’ಗಳನ್ನು ಹೊರಕ್ಕೆ ದೂಡುತ್ತದೆ, ಶೂ ಮೇಲಿನ ಲೈನರ್ ತಿರುಗುವ ಡ್ರಮ್ಮನ್ನು ಒಳಗಿನಿಂದ ಉಜ್ಜಿ ಹಿಡಿಯುತ್ತದೆ. ಡಿಸ್ಕ್ ಇಲ್ಲ, ಕಾಲಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಇಲ್ಲ. ನಮ್ಮದರಂಥ ಹಳೆಯದರಲ್ಲಿ ಆಯಿಲ್ ಲೈನ್ ಕೂಡ ಒಂದೇ. ಈಗಿನ ಕಾರುಗಳಲ್ಲಿ ಎರಡು ಲೈನ್ ಇರುತ್ತವೆ, ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತದೆ. ಇಲ್ಲಿ ಯಾವ ಚಕ್ರದ ಹತ್ತಿರ ಸೋರಿದರೂ ನಾಲ್ಕೂ ಬ್ರೇಕು ಹೋದ ಹಾಗೇ. ಆದ್ದರಿಂದ ಅರ್ಧಂಬರ್ಧ ಕೆಲಸ ಅನ್ನೋದು ಈ ಗಾಡಿಗೆ ನಡೆಯೋದಿಲ್ಲ.

ಗಾಡಿ ತಂದ ದಿನವೇ ಪೆಡಲ್ ಮೆತ್ತಗಿತ್ತು. ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತಿತ್ತು. ವಾಪಸ್ ಒಯ್ದು ತೋರಿಸಿದೆ. ಗ್ಯಾರೇಜಿನವರು ವಿಜಯಪುರದ ಕಡೆಯವರು, ಮಾತು ಬಲು ಸಿಹಿ. "ಹಳೇ ಗಾಡಿ ಸರ್ರ, ಹಿಂಗ ಇರ್ತೈತಿ. ಎರಡು ಸಲ ಪಂಪ್ ಹೊಡದ್ರ ಹಿಡೀತೈತಿ. ಹೊಸಾ ಲೈನರ್ ಅಲ್ಲೇನ್ರೀ, ಸೆಟ್ ಆಗಾಕ ಟೈಮ್ ಬೇಕು" ಅಂದರು. ಹೊಸ ಲೈನರ್ ಡ್ರಮ್ಮಿಗೆ ಕೂರಲು ಸ್ವಲ್ಪ ಓಡಬೇಕು ಅನ್ನುವುದು ನಿಜ. ಆದರೆ ಪೆಡಲ್ ಅಷ್ಟು ಮೆತ್ತಗಾಗುವುದಕ್ಕೆ ಅದೊಂದೇ ಕಾರಣ ಸಾಲದು. ಇಂಥ ಅರ್ಧ ಸತ್ಯದ ಮಾತೇ ಅಪಾಯ.

ಬಣ್ಣ ಬಯಲಾದದ್ದು ಬೆಳಗಾವಿಯಿಂದ ವಾಪಸ್ ಬರುವಾಗ. ಹೊಸ ಕಾತ್ರಜ್ ಸುರಂಗ ದಾಟಿದರೆ ನವಲೆ ಸೇತುವೆವರೆಗೂ ಇಳಿಜಾರು. ಅದು ಎಂಥ ಜಾಗ ಅಂತ ಪುಣೆಯವರಿಗೆ ಹೇಳಬೇಕಿಲ್ಲ. 2022ರ ನವೆಂಬರ್‌ನಲ್ಲಿ ಅಲ್ಲಿ ಒಂದೇ ಅಪಘಾತದಲ್ಲಿ ಸಾಲು ಸಾಲು ವಾಹನ ಜಜ್ಜಿಹೋದವು. ಅಲ್ಲಿ ನಮ್ಮ ಪೆಡಲ್ ನೆಲಕ್ಕೆ ಹೋಯಿತು. ಪಂಪ್ ಹೊಡೆದೆ. ಹಿಡಿಯಿತು, ಎಡಕ್ಕೆ ಎಳೆಯಿತು, ಮತ್ತೆ ಬಿಟ್ಟಿತು. ಸ್ಟೀರಿಂಗ್ ಪಕ್ಕದ ಗೇರನ್ನು ಮೂರಕ್ಕೆ, ಎರಡಕ್ಕೆ ಇಳಿಸುತ್ತಾ ಇಂಜಿನ್ ಮೇಲೆಯೇ ಗಾಡಿ ತಡೆದು ಬದಿಗೆ ತಂದೆ. ಹಿಂದೆ ಟ್ರಕ್ಕು ಹಾರ್ನ್ ಹೊಡೀತಾನೇ ಇತ್ತು. ಹಿಂದಿನ ಸೀಟಿನಲ್ಲಿ ಅತ್ತೆಯವರು ಕಣ್ಣು ಮುಚ್ಚಿಕೊಂಡು ರಾಯರ ಜಪ ಮಾಡುತ್ತಿದ್ದರು.

ನಾನಾ ಪೇಠೆಯ ಹತ್ತಿರ ಒಬ್ಬ ಹಳೇ ಮಿಸ್ತ್ರಿ ನಾಲ್ಕೂ ಡ್ರಮ್ ಬಿಚ್ಚಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮುಂದಿನ ಎಡಗಡೆ ಹೊಸ ಲೈನರ್, ಸರಿ. ಬಲಗಡೆ ಹಳೇದೇ. ಸವೆದು ರಿವೆಟ್ ತಲೆ ಹೊರಗೆ ಬಂದು ಡ್ರಮ್ಮಿನ ಮೈ ಗೀಚಿತ್ತು. ಎಡಕ್ಕೆ ಎಳೆಯುತ್ತಿದ್ದುದು ಯಾಕೆ ಅಂತ ಆಗ ತಿಳಿಯಿತು. ಹಿಂದಿನ ಬಲಗಡೆಯದಂತೂ ಕೇಳಲೇಬೇಡಿ. ಡ್ರಮ್ಮಿನ ಒಳಮೈಗೆ ತೆಳ್ಳಗೆ ತುಕ್ಕು. ಶೂ ಅದನ್ನು ಮುಟ್ಟಿಯೇ ಇಲ್ಲ. ಮಿಸ್ತ್ರಿ ಪೈಪಿನ ನಟ್ ಬಿಚ್ಚಿ ಅಂಗೈ ಮೇಲೆ ತಟ್ಟಿದರು. ಸೈಕಲ್ ಬೇರಿಂಗಿನ ಒಂದು ಸ್ಟೀಲ್ ಗುಂಡು ಬಿತ್ತು. ಆ ಚಕ್ರದ ಸಿಲಿಂಡರ್ ಸೋರುತ್ತಿತ್ತು. ಕಿಟ್ ಹಾಕುವ ಬದಲು ಗುಂಡು ಇಟ್ಟು ಲೈನನ್ನೇ ಬಂದ್ ಮಾಡಿಬಿಟ್ಟಿದ್ದರು! ಹಾದಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಮೆಲ್ಲಗೆ ಊರು ಮುಟ್ಟಿಸಲು ಹಿಂದೆ ಮಾಡುತ್ತಿದ್ದ ಉಪಾಯವಂತೆ ಅದು. ಅದಕ್ಕೆ ನಾವು ಹದಿನಾಲ್ಕು ಸಾವಿರ ಕೊಟ್ಟಿದ್ದೆವು.

‘ಹೊಸ’ ಆಯಿಲ್ ಕಡಕ್ ಚಹಾದ ಬಣ್ಣಕ್ಕಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹಿಡಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಒತ್ತಿ ಒತ್ತಿ ಡ್ರಮ್ ಕಾದರೆ ಲೈನಿನಲ್ಲಿ ಆವಿ ಆಗುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಊರೊಳಗೆ ಹೇಗೋ ಓಡಿದ ಗಾಡಿ ಅಲ್ಲಿ ಕೈ ಕೊಟ್ಟದ್ದು ಅದಕ್ಕೇ ಅಂದರು ಮಿಸ್ತ್ರಿ.

ಬ್ರೇಕ್ ಕೆಲಸ ಮಾಡಿಸುವವರೇ, ಡ್ರಮ್ ಬಿಚ್ಚಿದಾಗ ಎದುರಿಗೆ ಇರಿ. ಆಗಲಿಲ್ಲ ಅಂದರೆ ನಾಲ್ಕೂ ಚಕ್ರದ ಫೋಟೋ ಕೇಳಿ. ತೆಗೆದ ಹಳೇ ಲೈನರ್, ಹಳೇ ರಬ್ಬರ್ ಎಲ್ಲ ಕೈಗೆ ಕೊಡಲಿ. "ಬಿಸಾಕಿದ್ವಿ" ಅಂದರೆ ಅನುಮಾನ ಪಡಿ. ಗಾಡಿ ತಗೊಳ್ಳುವ ಮುಂಚೆ ನಿಂತಲ್ಲೇ ಪೆಡಲ್ ಒತ್ತಿ ಹಾಗೇ ಹಿಡಿದುಕೊಳ್ಳಿ. ನಿಧಾನಕ್ಕೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ದೂಡುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಹೋಗಿದೆ. ಎರಡನೇ ಸಲಕ್ಕೆ ಗಟ್ಟಿಯಾಗಿ ಮೇಲೆ ಬಂದರೆ ಸಾಮಾನ್ಯವಾಗಿ ಶೂ ಅಡ್ಜಸ್ಟ್ ಆಗಿಲ್ಲ ಅಂತ. ಸ್ಪಂಜಿನ ಥರ ಇದ್ದರೆ ಗಾಳಿ ಸೇರಿದೆ. ಆಮೇಲೆ ಖಾಲಿ ಗಲ್ಲಿಯಲ್ಲಿ ಮೆಲ್ಲಗೆ ಓಡಿಸಿ ನೋಡಿ. ಎಳೆದರೆ ಅಲ್ಲೇ ಬಿಟ್ಟು ಬನ್ನಿ, ದುಡ್ಡು ಕೊಡಬೇಡಿ.

ಬಿಲ್ಲಿನಲ್ಲಿ ಸುಮ್ನೆ ‘ಬ್ರೇಕ್ ಕಾಮ್’ ಅಂತ ಬರೆಸಿಕೊಳ್ಳಬೇಡಿ. ಯಾವ ಚಕ್ರಕ್ಕೆ ಏನು ಹಾಕಿದ್ದು ಅಂತ ಬಿಡಿಬಿಡಿಯಾಗಿ ಇರಲಿ. ನಮ್ಮದು ಹಾಗಿತ್ತು, ಅದರಿಂದಲೇ ದೂರಿಗೆ ಬಲ ಬಂತು. ಗ್ರಾಹಕರ ಸಹಾಯವಾಣಿ 1915ಕ್ಕೆ ಮೊದಲು ಹೇಳಿದೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬರೆದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು ಅಷ್ಟೇ. ದೂರು ತಲುಪಿದ ಮೇಲೆ ಗ್ಯಾರೇಜಿನವರು ಫೋನ್ ಮಾಡಿ "ಅರ್ಧ ರೊಕ್ಕ ಕೊಡ್ತೀನ್ರೀ, ನಾವು ನಾವು ಯಾಕ ಜಗಳ" ಅಂದರು. ಪೂರ್ತಿ ದುಡ್ಡು ಬರಲಿ, ಆಮೇಲೆ ಮಾತಾಡೋಣ ಅಂತ ಇಟ್ಟುಬಿಟ್ಟೆ.