ಪಟ್ಟಿಯೋ, ಉಗುರೋ: ಕೆಡಿಸಿ ಕಲಿತ ಬೆಳ್ಳಿ ಉಂಗುರ

ಬೆಳ್ಳಿ ಉಂಗುರಕ್ಕೆ ಹರಳು ಕೂರಿಸುವ ಎರಡು ದಾರಿ ಹಿಡಿದು ನೋಡಿದ್ದೇನೆ. ಹರಳಿನ ಸುತ್ತ ತೆಳು ಪಟ್ಟಿ ಕಟ್ಟಿ ಅಂಚು ಒತ್ತುವುದು ಒಂದು, ಅಂದರೆ ಬೆಜಲ್. ನಾಲ್ಕು ತಂತಿ ಉಗುರುಗಳಲ್ಲಿ ಹಿಡಿಸುವ ಪ್ರಾಂಗ್ ಇನ್ನೊಂದು. ಹಾಸನದ ನಮ್ಮ ಮನೆ ಹಿತ್ತಿಲಲ್ಲಿ, ಶೀಟಿನ ಕೆಳಗೆ, ಎರಡರಲ್ಲೂ ಮೂರ್ಮೂರು ಮಾಡಿದೆ. ಬೆರಳಿಗೆ ಹಾಕುವಂತಾದವು ಎರಡೇ.

ಮೊದಲು ಕೆಟ್ಟದ್ದು ಅಳತೆ. ಸಕಲೇಶಪುರದ ಅತ್ತಿಗೆಯ ಬೆರಳಿಗೆ ಬೇಕಿದ್ದದ್ದು 18 ಮಿ.ಮೀ. ಒಳವ್ಯಾಸ. ಅದನ್ನು 3.14ರಿಂದ ಗುಣಿಸಿ 56.5 ಮಿ.ಮೀ. ಉದ್ದ ಕತ್ತರಿಸಿದೆ. ಬೆಳ್ಳಿ 1.5 ಮಿ.ಮೀ. ದಪ್ಪ ಇತ್ತು, ಆ ದಪ್ಪವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಬಗ್ಗಿಸಿ ಬೆಸೆದಾಗ ಒಳಗೆ ಉಳಿದದ್ದು 16.5. ದಪ್ಪ ಕೂಡಿಸಿ 19.5ಕ್ಕೆ ಗುಣಿಸಿದ್ದರೆ 61 ದಾಟುತ್ತಿತ್ತು. ಆ ಉಂಗುರ ಈಗ ಅಣ್ಣನ ಮಗಳ ಹತ್ತಿರ ಇದೆ.

ಪಟ್ಟಿಗೆ ಶುದ್ಧ ಬೆಳ್ಳಿಯೇ ಬೇಕು, ಮೆತ್ತಗೆ ಮಡಚಿಕೊಳ್ಳುತ್ತದೆ. ಉಂಗುರದ ಕಟ್ಟು 925, ಅಂದರೆ ನೂರಕ್ಕೆ ಏಳೂವರೆ ಭಾಗ ತಾಮ್ರ ಬೆರೆತದ್ದು. ಶುದ್ಧ ಬೆಳ್ಳಿ ಕರಗುವುದು 961 ಡಿಗ್ರಿಗೆ, 925 ಅದಕ್ಕೂ ಮೊದಲೇ ಕರಗುತ್ತದೆ ಎಂದು ಓದಿ, ಪಟ್ಟಿಗೆ ಏನೂ ಆಗದು ಅಂದುಕೊಂಡು ಬೆಸುಗೆಯ ಬೆಂಕಿ ಟಾರ್ಚ್ ಹಿಡಿದೆ. ಪಟ್ಟಿ 0.3 ಮಿ.ಮೀ., ತಳ ಅದರ ಮೂರರಷ್ಟು ದಪ್ಪ. ಬೆಸುಗೆ ಹರಿಯಲೆಂದು ಹಚ್ಚಿದ್ದ ಬಿಳಿಗಾರ (ಬೋರಾಕ್ಸ್) ಕುದಿದು ಗಾಜಾಯಿತು, ಬೆಸುಗೆ ಇನ್ನೂ ಅಲುಗಿರಲಿಲ್ಲ, ಅಷ್ಟರಲ್ಲಿ ಪಟ್ಟಿಯ ಮೇಲಂಚು ಹೊಳೆದು ಮುದುಡಿ ಗುಂಡಾಯಿತು. ಪೇಟೆಯ ಆಚಾರ್ರು ನೋಡಿ, “ಬೆಂಕಿ ತಳಕ್ಕೆ ಕೊಡಪ್ಪ, ಬೆಸುಗೆ ಬಿಸಿ ಇದ್ದ ಕಡೆಗೆ ತಾನೇ ಓಡುತ್ತೆ” ಅಂದರು. ಎರಡನೆಯ ಸಲ ಅದು ಕೂಡಿತು. ಆಮೇಲೆ ಚಂದ್ರಕಾಂತ ಹರಳನ್ನು ಸುಮ್ಮನೆ ಒಳಗಿಟ್ಟು ನೋಡಲು ಹೋದೆ, ಸಿಕ್ಕಿಹಾಕಿಕೊಂಡಿತು. ಕೆಳಗೆ ಒಂದು ದಾರ ಹಾಸಿದ್ದರೆ ಎಳೆದು ತೆಗೆಯಬಹುದಿತ್ತು. ಆಚಾರ್ರೇ ಹಿಂದಿನಿಂದ ತೂತು ಕೊರೆದು ತಳ್ಳಿಕೊಟ್ಟರು. ಅಂದಿನಿಂದ ನನ್ನ ತಳಗಳಿಗೆಲ್ಲ ತೂತು ಮೊದಲೇ ಇರುತ್ತದೆ.

ಉಗುರಿನ ಕೆಲಸ ಇದಕ್ಕಿಂತ ಸುಲಭ ಅನ್ನಿಸಿತ್ತು. ಚೆಲುವಂತೂ ಅದರದ್ದೇ. ಅಡಿಯಿಂದ ಬೆಳಕು ಹೊಕ್ಕು, ಮುಖ ಕಡೆದ ಗಾರ್ನೆಟ್ ಕೆಂಡದ ಹಾಗೆ ಕಾಣುತ್ತದೆ. ಅದೇ ಕಲ್ಲನ್ನು ತಳ ಮುಚ್ಚಿದ ಪಟ್ಟಿಯಲ್ಲಿ ಕೂರಿಸಿದರೆ ಕಪ್ಪು ದ್ರಾಕ್ಷಿ. ಉಗುರಿಗೆ 1 ಮಿ.ಮೀ.ನ 925 ತಂತಿ ತಗೊಂಡು, ಹರಳಿನ ಅಂಚು ಕೂರಲು ಅರದಿಂದ ಕಚ್ಚು ಹೊಡೆದೆ. ದಪ್ಪದ ಮೂರನೇ ಒಂದು ಭಾಗ ಸಾಕಿತ್ತು, ನಾನು ಅರ್ಧಕ್ಕೂ ಹೆಚ್ಚು ತಿನ್ನಿಸಿದ್ದೆ. ಬಗ್ಗಿಸುವಾಗ ಮುರಿಯಲಿಲ್ಲ, ಅದೇ ಎಡವಟ್ಟಾದದ್ದು. ಪಟ್ಟಿಯ ತಪ್ಪು ಮೇಜಿನ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಉಗುರಿನದು ಒಳಗೇ ಇದ್ದು ಮೂರು ತಿಂಗಳಾದ ಮೇಲೆ ಹೊರಗೆ ಬರುತ್ತದೆ.

ಬಂದದ್ದು ಜನವರಿಯಲ್ಲಿ, ಕಾಫಿ ಕೊಯ್ಲಿನ ಹೊತ್ತಿಗೆ. ಅತ್ತಿಗೆಯ ಸ್ವೆಟರ್ ನೂಲು ಉಗುರಿಗೆ ದಿನಾ ಸಿಕ್ಕುತ್ತಿತ್ತಂತೆ. ಒಂದು ಸಂಜೆ ನೋಡಿದರೆ ಒಂದು ಉಗುರಿಲ್ಲ, ಹರಳೂ ಇಲ್ಲ. ಕೆಂಪು ಗಾರ್ನೆಟ್, ಕಣದ ತುಂಬ ಕೆಂಪು ಹಣ್ಣು!

ಹಾಗಾಗಿ ಕೆಲಸ ಮಾಡುವ ಕೈಗೆ ಪಟ್ಟಿ ಎಂದು ತೀರ್ಮಾನಿಸಿದ್ದೇನೆ. ಮದುವೆಗೆ ಹಾಕಿ ಪೆಟ್ಟಿಗೆಗಿಡುವವರು ಉಗುರಿನದನ್ನೇ ಮಾಡಿಸಲಿ. ಎರಡಕ್ಕೂ ಒಂದು ಮಾತು: ಹರಳು ಕೂತ ಮೇಲೆ ಬೆಂಕಿ ಬೇಡ. ಅಳತೆ ಸರಿಮಾಡಲು ಚಂದ್ರಕಾಂತವನ್ನು ತೆಗೆಯದೆಯೇ ಮತ್ತೆ ಬೆಸೆದೆ. ಟಣ್ ಎಂದಿತು, ಒಳಗೆ ಬಿಳಿ ಗೆರೆ. ಅದು ಮೊದಲೇ ಪದರವಾಗಿ ಸೀಳುವ ಕಲ್ಲು. ಮೆರುಗಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಅಂಟುವಾಳದ ನೀರು ಎರಡಕ್ಕೂ ಸಾಕು.

ಈ ಸಲ ಅತ್ತಿಗೆಗೆ ಗಾರ್ನೆಟ್ ಅನ್ನೇ ಪಟ್ಟಿಯಲ್ಲಿ ಕಟ್ಟಿ, ತಳದ ತೂತನ್ನು ಬೆಳಕಿಗೆಂದು ಸ್ವಲ್ಪ ದೊಡ್ಡದು ಮಾಡಿಕೊಟ್ಟೆ. ಕೆಂಡ ಅಲ್ಲದಿದ್ದರೂ ದ್ರಾಕ್ಷಿಯಂತೂ ಅಲ್ಲ. ಹಳೇ ಹರಳಿಗೆ ಅಣ್ಣ, “ಹಣ್ಣು ಒಣಗಿ ಕಪ್ಪಾಗಲಿ ತಡಿ, ಕೆಂಪಗೆ ಉಳಿದದ್ದೇ ನಿಂದು” ಅಂದಿದ್ದ. ಒಣಗಿತು, ಮೂಟೆಯೂ ಕಟ್ಟಾಯಿತು, ಸಿಗಲಿಲ್ಲ.