ಹಳೆ ಮನೆಯ ಅಟ್ಟಕ್ಕೆ ಗಾಳಿ: ಗಾಳಿ ಹಂಚು, ಟರ್ಬೊ, ಫ್ಯಾನ್, ಇಲ್ಲಾ ಸೂರಿನ ಸಂದು?

ಅಟ್ಟದ ಸೆಕೆಗೆ ಏನು ಮಾಡೋದು ಅಂತ ಅಂಗಡಿಯಲ್ಲಿ ಕೇಳಿದರೆ ಬಿಸಿಗಾಳಿ ಹೊರಗೆ ಹಾಕುವ ಸಾಮಾನು ತೋರಿಸುತ್ತಾರೆ. ಹೊಸ ಗಾಳಿ ಒಳಗೆ ಎಲ್ಲಿಂದ ಬರಬೇಕು ಅಂತ ಯಾರೂ ಕೇಳುವುದಿಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಹಳೆ ಮನೆಯಲ್ಲಿ ಒಂದೊಂದನ್ನೂ ಹಾಕಿ ನೋಡಿದ ಮೇಲೆ ನನಗೆ ಖಾತ್ರಿಯಾಗಿದೆ: ಮೊದಲು ಸೂರಿನ ಸಂದು, ಅಂದರೆ ಗೋಡೆಯ ಮೇಲೆ ಮಾಡಿನ ಅಂಚಿನಲ್ಲಿರುವ ತೆರಪು, ಬಿಡಿಸಿ; ಆಮೇಲೆ ಉಳಿದದ್ದು.

ಹೋಲಿಸುವುದಕ್ಕೆ ನಮ್ಮ ಮನೆ ಅನುಕೂಲವಾಗಿಯೇ ಇದೆ. ಮುಂದಿನ ಭಾಗಕ್ಕೆ ಈಗಲೂ ಮಂಗಳೂರು ಹಂಚು. ಹಿಂದಿನ ಭಾಗದಲ್ಲಿ ಮಂಗಗಳು ಹಂಚು ಒಡೆಯುವುದು ಜಾಸ್ತಿಯಾಗಿ, ವರ್ಷಾ ವರ್ಷಾ ಕೈಯಾಡಿಸಲು ಜನವೂ ಸಿಗದೆ, ಹಂಚು ತೆಗೆದು ತಗಡಿನ ಶೀಟು ಹಾಕಿದ್ದೇವೆ. ಎರಡಕ್ಕೂ ಕೆಳಗೆ ಮರದ ಮುಚ್ಚಿಗೆ, ಅಂದರೆ ಕೋಣೆಗಳ ಮೇಲಿನ ಹಲಗೆ ಹೊದಿಕೆ. ಏಪ್ರಿಲ್ ತಿಂಗಳಲ್ಲಿ ರಾತ್ರಿ ಊಟ ಮುಗಿಸಿ ಅಟ್ಟಕ್ಕೆ ಹತ್ತಿ ಹಲಗೆ ಮೇಲೆ ಅಂಗೈ ಇಟ್ಟರೆ ಸಾಕು. ಹಂಚಿನ ಕಡೆ ಹಲಗೆ ತಣ್ಣಗಾಗಿರುತ್ತದೆ. ಶೀಟಿನ ಕಡೆ ಇನ್ನೂ ಬೆಚ್ಚಗೇ.

ಇದಕ್ಕೆ ಕಾರಣ ಇದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1865ರಲ್ಲಿ ಕಾರ್ಖಾನೆ ಹಾಕಿ ಮಾಡಲು ಶುರು ಮಾಡಿದ ಈ ಹಂಚು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುತ್ತದೆ, ಆದರೆ ಅಂಟಿಕೊಳ್ಳುವುದಿಲ್ಲ. ಪ್ರತಿ ಹಂಚಿನ ಸಂದಿನಲ್ಲೂ ಒಂಚೂರು ಗಾಳಿ ಆಡುತ್ತದೆ. ಅಡುಗೆಮನೆಯ ಒಲೆಯ ಹೊಗೆ ಹೊರಗೆ ಹೋಗುತ್ತಿದ್ದದ್ದೂ ಅದೇ ಸಂದಿನಿಂದ. ಆ ಹೊಗೆ ಪಕಾಸು (ಮಾಡಿನ ಇಳಿಜಾರು ಮರ), ರೀಪುಗಳನ್ನು (ಅದರ ಮೇಲಿನ ಅಡ್ಡಪಟ್ಟಿ) ಒಣಗಿಸಿ, ಹುಳ ಹತ್ತದ ಹಾಗೆ ಕಾಯುತ್ತಿತ್ತು. ನಮ್ಮ ಅಡುಗೆಮನೆ ಮೇಲಿನ ಪಕಾಸುಗಳು ಈಗಲೂ ಮಸಿ ಹಿಡಿದು ಕಪ್ಪಗೆ, ಗಟ್ಟಿಯಾಗಿವೆ. ಗ್ಯಾಸ್ ಬಂದ ಮೇಲೆ ಆ ಹೊಗೆ ನಿಂತಿತು. ಶೀಟು ಬಂದ ಕಡೆ ಸಂದೂ ಮುಚ್ಚಿಹೋಯಿತು.

ಇನ್ನು ಹಾಕಿ ನೋಡಿದ್ದರ ವಿಷಯ.

ಗಾಳಿ ಹಂಚು ಎಲ್ಲಕ್ಕಿಂತ ಸುಲಭ. ನಡುವೆ ಸಣ್ಣ ಗೂಡಿನ ಹಾಗೆ ಎದ್ದ ಹಂಚು. ಹಳೆಯದನ್ನು ತೆಗೆದು ಆ ಜಾಗಕ್ಕೆ ಇದನ್ನು ಕೂರಿಸಿದರೆ ಆಯಿತು. ಕರೆಂಟು ಬೇಡ, ಸದ್ದಿಲ್ಲ. ಮಾಡಿನ ಮೇಲ್ತುದಿಗೆ ಹತ್ತಿರ ಹಾಕಬೇಕು, ಬಿಸಿಗಾಳಿ ಸೇರುವುದು ಅಲ್ಲೇ. ಪಡುವಣ ಮುಖಕ್ಕೆ ಮಾತ್ರ ಬೇಡ. ಆಷಾಢದಲ್ಲಿ ಮಳೆ ಅಡ್ಡಡ್ಡ ಹೊಡೆಯುವಾಗ ಗೂಡಿನೊಳಗೆ ಎರಚಲು ನುಗ್ಗುತ್ತದೆ. ಗಾಜಿನ ಹಂಚನ್ನು ಇದರ ಜೊತೆ ಸೇರಿಸಬೇಡಿ. ಅದು ಬೆಳಕಿಗೆ ಮಾತ್ರ; ಬಿಸಿಲನ್ನೂ ಒಳಗೆ ಬಿಡುತ್ತದೆ.

ಗಾಳಿಗೆ ತಿರುಗುವ ಟರ್ಬೊ ಶೀಟಿನ ಭಾಗಕ್ಕೆ ಸರಿಹೋಗುತ್ತದೆ. ಫ್ಯಾಕ್ಟರಿ ಶೆಡ್ಡುಗಳ ಮೇಲೆ ನೋಡಿರುತ್ತೀರಲ್ಲ, ಅದೇ. ಹೊರಗೆ ಗಾಳಿ ಇಲ್ಲದಿದ್ದರೂ ಒಳಗಿನ ಬಿಸಿಗಾಳಿ ಮೇಲೇರುವಾಗ ನಿಧಾನಕ್ಕೆ ತಿರುಗುತ್ತದೆ. ತೊಂದರೆ ಇರುವುದು ಬುಡದಲ್ಲಿ. ಶೀಟು ಕೊರೆದ ಜಾಗವನ್ನು ಸರಿಯಾಗಿ ಸೀಲ್ ಮಾಡದಿದ್ದರೆ ಮೊದಲ ಮಳೆಗೇ ಸೋರುತ್ತದೆ. ಹಂಚಿನ ಮೇಲೆ ಅದನ್ನು ಕೂರಿಸಲು ಹೋಗಬೇಡಿ, ಅಲ್ಲಿ ಸೀಲ್ ನಿಲ್ಲುವುದಿಲ್ಲ.

ತ್ರಿಕೋನ ಗೋಡೆಗೆ ಹಾಕುವ ಎಕ್ಸಾಸ್ಟ್ ಫ್ಯಾನ್ ಎಲ್ಲಕ್ಕಿಂತ ಬೇಗ ಕೆಲಸ ಮಾಡುತ್ತದೆ, ಕರೆಂಟು ಇದ್ದರೆ. ಆದರೆ ಸೂರು ಮುಚ್ಚಿಟ್ಟು ಫ್ಯಾನ್ ಹಾಕಿದಾಗ ಏನಾಯಿತು ಗೊತ್ತಾ? ಕೆಳಗೆ ಒಗ್ಗರಣೆ ಹಾಕಿದರೆ ಅಟ್ಟದಲ್ಲಿ ಇಂಗಿನ ವಾಸನೆ. ಗಾಳಿಗೆ ಬೇರೆ ದಾರಿಯೇ ಇಲ್ಲದೆ ಮುಚ್ಚಿಗೆಯ ಬಿರುಕಿನಿಂದ ಅಡುಗೆಮನೆ ಗಾಳಿಯನ್ನೇ ಎಳೆಯುತ್ತಿತ್ತು.

ಅಲ್ಲಿಂದ ನನ್ನ ಗಮನ ಸೂರಿನ ಕಡೆ ತಿರುಗಿತು. ಗೋಡೆಯ ಮೇಲೆ, ಪಕಾಸುಗಳ ನಡುವಿನ ಸಂದುಗಳನ್ನು ಇಲಿ, ಬಾವಲಿಗಳ ಭಯಕ್ಕೆ ಹಿಂದಿನವರು ಮಣ್ಣು, ಇಟ್ಟಿಗೆ ತುಂಬಿ ಮುಚ್ಚಿದ್ದರು. ಒಂದು ಬಿಟ್ಟು ಒಂದು ಸಂದು ಬಿಡಿಸಿ, ಕಾಲು ಇಂಚು ಕಣ್ಣಿನ ತಂತಿ ಜಾಲರಿ ಬಡಿಸಿದೆವು. ಸೊಳ್ಳೆ ಪರದೆಯಂಥ ಸಣ್ಣ ಜಾಲರಿ ಬೇಡ, ಧೂಳು ಮತ್ತು ಜೇಡರ ಬಲೆ ಕಟ್ಟಿ ಅದು ಬೇಗ ಗೋಡೆಯೇ ಆಗಿಬಿಡುತ್ತದೆ. ಮಧ್ಯಾಹ್ನ ಊದುಬತ್ತಿ ಹಚ್ಚಿ ಸಂದಿನ ಹತ್ತಿರ ಹಿಡಿದೆ. ಹೊಗೆ ನೆಟ್ಟಗೆ ಏಳದೆ ಒಳಕ್ಕೆ ಬಾಗಿ, ಪಕಾಸಿನ ಗುಂಟ ಮೇಲೆ ಹರಿಯಿತು. ಆಮೇಲೆ ಅದೇ ಫ್ಯಾನ್ ಹಾಕಿದರೆ ಇಂಗಿನ ವಾಸನೆ ಇಲ್ಲ. ಅದೇ ಟರ್ಬೊ ಮೊದಲಿಗಿಂತ ಚುರುಕಾಗಿ ತಿರುಗಿತು. ಹಂಚಿನ ಭಾಗಕ್ಕಂತೂ ಸೂರಿನ ಸಂದು, ತುದಿಯ ಗಾಳಿ ಹಂಚು ಎರಡೇ ಸಾಕಾದವು, ಯಂತ್ರದ ಅಗತ್ಯವೇ ಬೀಳಲಿಲ್ಲ.

ಎಷ್ಟು ಜಾಗ ಬಿಡಿಸಬೇಕು? ಅಮೆರಿಕದ ಕಟ್ಟಡ ನಿಯಮದಲ್ಲಿ 150 ಚದರಡಿ ಅಟ್ಟಕ್ಕೆ 1 ಚದರಡಿ ತೆರಪು ಎಂಬ ಲೆಕ್ಕವಿದೆ. ಕೆಳಗೂ ಮೇಲೂ ಸಮನಾಗಿ ಹಂಚಿದರೆ 300 ಚದರಡಿಗೆ 1 ಸಾಕು ಎನ್ನುತ್ತಾರೆ. ಅಲ್ಲಿನ ಮಾಡು ನಮ್ಮ ಹಂಚಿನ ಹಾಗೆ ಉಸಿರಾಡುವುದಿಲ್ಲ. ಹಾಗಾಗಿ ಶೀಟಿನ ಭಾಗಕ್ಕೆ ಈ ಲೆಕ್ಕ ಹಿಡಿಯಿರಿ, ಹಂಚಿನ ಭಾಗಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಜಾಲರಿಯ ತಂತಿ ತಿನ್ನುವ ಜಾಗವನ್ನು ಕಳೆದು ಲೆಕ್ಕ ಹಾಕಿ.

ಮಳೆಗಾಲದ ಮಾತೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗಿನ ಗಾಳಿಯೇ ಒದ್ದೆ. ಫ್ಯಾನ್ ಹಾಕಿದಷ್ಟೂ ತೇವ ಒಳಗೆ ಬರುತ್ತದೆ, ಅಲ್ವಾ? ಆಗ ನಾವು ಫ್ಯಾನ್ ಹಾಕುವುದಿಲ್ಲ. ಪಡುವಣ ಸೂರಿನ ಸಂದುಗಳಿಗೆ ಹಲಗೆ ಅಡ್ಡ ಕೊಟ್ಟು, ಮೂಡಣದ್ದನ್ನು ತೆರೆದೇ ಇಡುತ್ತೇವೆ. ಹೊಳವಾದ ದಿನ, ಬಿಸಿಲು ಬಿದ್ದ ಗಳಿಗೆ, ಎಲ್ಲವನ್ನೂ ತೆರೆಯುತ್ತೇವೆ. ಹಳೆ ಪುಸ್ತಕ, ಬಟ್ಟೆ, ಸುಲಿದ ಅಡಿಕೆ ಏನಿದ್ದರೂ ಆ ನಾಲ್ಕು ತಿಂಗಳು ಅಟ್ಟದಲ್ಲಿ ಇಡುವುದಿಲ್ಲ. ಯಾವ ಗಾಳಿ ಹಂಚೂ, ಯಾವ ಟರ್ಬೊವೂ ಅವುಗಳನ್ನು ಬೂಸಲಿನಿಂದ ಕಾಯಲಾರದು.

ಶೀಟಿನ ಭಾಗಕ್ಕೆ ಸೂರಿನ ಸಂದು, ಟರ್ಬೊ ಎರಡೂ ಇದ್ದರೂ ಬೇಸಿಗೆ ಮಧ್ಯಾಹ್ನ ಶೀಟಿನ ಕಾವು ಮುಚ್ಚಿಗೆ ಮೇಲೆ ನೇರ ಬೀಳುತ್ತದೆ. ಗಾಳಿ ಎಷ್ಟು ಆಡಿದರೂ ಆ ಕಾವು ನಿಲ್ಲುವುದಿಲ್ಲ. ಅದಕ್ಕೆ ಶೀಟಿನ ಅಡಿಗೆ, ನಡುವೆ ಗಾಳಿ ಆಡುವಷ್ಟು ಅಂತರ ಬಿಟ್ಟು, ಹೊಳಪಿನ ಫಾಯಿಲ್ ಹಾಳೆ ಕಟ್ಟುವ ಕೆಲಸವನ್ನು ಯುಗಾದಿಗೆ ಮುಂಚೆ ಮುಗಿಸಬೇಕು ಅಂತಿದ್ದೇವೆ.